ಬ್ಯಾಂಡ್ ಮಾಸ್ಟ್ರ ಮನೆಯ ಮೆಣಸು

ನಾನು ಈ ಮನೆಗೆ ಸೊಸೆಯಾಗಿ ಬಂದ ಮರುದಿನ ಮಧ್ಯಾಹ್ನ ಬಟ್ಟಲಿಗೆ ಬಿದ್ದ ಬಂಗುಡೆ ಮೀನಿನ ಸಾರು ಬಿಳಿಯಾಗಿತ್ತು. ತೆಂಗಿನಕಾಯಿ, ಹುಳಿ, ಒಂದು ಚೂರು ಶುಂಠಿ, ಅಷ್ಟೆ. ಬಂಗುಡೆಗೆ ಮೆಣಸು ಹಾಕದೆ ಸಾರು ಮಾಡುವವರು ಈ ಭೂಮಿಯ ಮೇಲೆ ಇದ್ದಾರೆಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಕುಂಬಳೆ ಹತ್ತಿರದ ಅನಂತಪುರದ ನಮ್ಮ ಮನೆಯಲ್ಲಿ ಸಾರು ಕೆಂಪಾಗದಿದ್ದರೆ ಅಪ್ಪ ಬಟ್ಟಲನ್ನೇ ದೂಡಿ ಏಳುತ್ತಿದ್ದರು.

"ಅತ್ತೇ, ಮೆಣಸು ಮರೆತುಹೋಯ್ತಾ?" ಎಂದು ಕೇಳಿದೆ.

"ಮರೆತದ್ದಲ್ಲ ಮಾರಾಯ್ತಿ. ಮಾವನ ತುಟಿ ಉರಿಯಬಾರದು. ಉರಿದರೆ ಊದ್ಲಿಕ್ಕೆ ಆಗುದಿಲ್ಲ," ಎಂದರು ಅತ್ತೆ ಅಮ್ಮಣ್ಣಿ.

ಮಾವ ಎಂದರೆ ಲೋಕನಾಥ ಮಾಸ್ಟ್ರು. ಪೈವಳಿಕೆಯ 'ಲೋಕನಾಥ ಬ್ರಾಸ್ ಬ್ಯಾಂಡ್' ಅವರದ್ದು. ಮಂಜೇಶ್ವರದಿಂದ ಕಾಸರಗೋಡಿನವರೆಗೆ ಇಗರ್ಜಿಯಲ್ಲಿ ಮದುವೆಯಾದವರನ್ನು ಕೇಳಿ ನೋಡಿ, ಅರ್ಧಕ್ಕರ್ಧ ಜನ ಇವರ ಟ್ರಂಪೆಟ್ಟಿನ ಹಿಂದೆಯೇ ಹಾಲ್‌ಗೆ ನಡೆದವರು. ಮದುಮಕ್ಕಳು ಬಾಗಿಲಿಗೆ ಬಂದು ನಿಂತಾಗ ಗ್ರ್ಯಾಂಡ್ ಮಾರ್ಚ್, ಕೇಕ್ ಕತ್ತರಿಸಿದ ಮೇಲೆ ವಾಲ್ಟ್ಸ್, ಆಮೇಲೆ ಜನ ಬೆವರುವವರೆಗೆ ಫಾಕ್ಸ್‌ಟ್ರಾಟ್. ಕೆಂಪು ಕೋಟು, ಹೆಗಲಿಗೆ ಚಿನ್ನದ ಬಣ್ಣದ ಜರಿ, ತಲೆಗೆ ಗರಿಯ ಟೋಪಿ. ಸಣ್ಣ ಆಳು, ಆದರೆ ಆ ಟೋಪಿ ಇಟ್ಟ ಮೇಲೆ ಮದುಮಗನನ್ನೂ ಯಾರೂ ನೋಡುತ್ತಿರಲಿಲ್ಲ.

ಈ ಮನುಷ್ಯನ ಎರಡು ತುಟಿಗಾಗಿ ಇಡೀ ಮನೆ ಸಪ್ಪೆ ಉಣ್ಣುತ್ತಿತ್ತು. ಅತ್ತೆ ಪ್ರತಿವರ್ಷ ಒಂದೇ ಒಂದು ಮೊರದಷ್ಟು ಒಣಮೆಣಸು ಬಿಸಿಲಿಗೆ ಹಾಕುವುದು. ಬಂದು ಹೋಗುವವರಿಗೆ ಅದೇ ವರ್ಷಪೂರ್ತಿ ಸಾಕಾಗುತ್ತಿತ್ತು. ಮಾವ ಮದುವೆ ಮುಗಿಸಿ ಬಂದರೆ ಅತ್ತೆ ಅವರನ್ನು ಜಗಲಿಯಲ್ಲಿ ಕೂರಿಸಿ, ಬೆರಳಲ್ಲಿ ಬೆಣ್ಣೆ ತೆಗೆದು ಅವರ ತುಟಿಗೆ ಹಚ್ಚುತ್ತಿದ್ದರು. ಅಷ್ಟು ಹೊತ್ತು ಇಬ್ಬರೂ ಮಾತಾಡುವಂತಿಲ್ಲ. ಬ್ಯಾಂಡಿನಲ್ಲಿ ದೊಡ್ಡ ಡ್ರಮ್ ಹೊಡೆಯುವ ಉಗ್ಗಪ್ಪಣ್ಣ ಅಂಗಳದಲ್ಲಿ ನಿಂತು, "ಮಾಸ್ಟ್ರೇ, ನನ್ನ ಕೈಗೂ ಬೊಬ್ಬೆ ಬಂದಿದೆ, ಬೆಣ್ಣೆ ಉಂಟಾ?" ಎಂದು ತಮಾಷೆ ಮಾಡುವುದು. ಅತ್ತೆ ನಾಚಿ ಒಳಗೆ ಓಡುವುದು. ನನಗೆ ಅದನ್ನು ನೋಡುವುದೇ ಒಂದು ಖುಷಿ. ಸಪ್ಪೆ ಸಾರನ್ನು ನಾನು ಸಹಿಸಿಕೊಂಡದ್ದು ಆ ಬೆಣ್ಣೆಯ ದೆಸೆಯಿಂದ.

ಇನ್ನು ನನ್ನ ಗಂಡ ಕುಶಲ್. ಮನೆಯಲ್ಲಿ ನಾನು ಅವನಿಗೆ 'ನೀವು' ಎಂದೇ ಹೇಳುವುದು. ಇಲ್ಲಿ ಅಷ್ಟು ಮರ್ಯಾದೆ ಕೊಡಲು ಮನಸ್ಸಿಲ್ಲ. ಉಪ್ಪಳದಲ್ಲಿ ಅವನದ್ದು ಮೈಕ್, ಲೈಟ್ ಬಾಡಿಗೆಗೆ ಕೊಡುವ ಅಂಗಡಿ. ಅಪ್ಪನ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಊದುತ್ತಾನೆ, ಚೆನ್ನಾಗಿಯೇ ಊದುತ್ತಾನೆ. ಆದರೆ ಅಪ್ಪ ಮಗ ಒಟ್ಟಿಗೆ ಚಹಾಕ್ಕೆ ಕೂತರೆ ಸಾಕು, ಸುರುವಾಯಿತು.

"ಅಪ್ಪಾ, ಈಗ ಜನಕ್ಕೆ ಒಂದು ವಾಲ್ಟ್ಸ್ ಸಾಕು. ಆಮೇಲೆ ಅವರಿಗೆ ಕುಣೀಲಿಕ್ಕೆ ಬೇಕು."

"ವಾಲ್ಟ್ಸ್ ಕುಣಿತ ಅಲ್ಲದೆ ಮತ್ತೆಂತ, ಭಜನೆಯಾ?"

"ಡಿ.ಜೆ. ಒಂದು ಸೇರಿಸುವ. ಎಲ್‌ಇಡಿ ಹಾಕುವ. ಹೆಸರು ನಿಮ್ಮದೇ ಇರ್ಲಿ."

"ನನ್ನ ಹೆಸರಿನ ಅಡಿಯಲ್ಲಿ ಆ ಡಬ್ಬಿ ಇಟ್ಟರೆ, ಆ ದಿನವೇ ನಾನು ಸತ್ತೆ ಅಂತ ಬೊಜ್ಜದ ಊಟವನ್ನೂ ಹಾಕಿಸಿಬಿಡು."

ಕಳೆದ ನವೆಂಬರಿನಲ್ಲಿ ಕುಂಬಳೆ ಕಡೆಯ ಒಂದು ಮದುವೆಯಲ್ಲಿ ಮಾವನ ಮೇಲಿನ ಸ್ವರ ಒಡೆಯಿತು. ಗ್ರ್ಯಾಂಡ್ ಮಾರ್ಚಿನ ನಡುವೆಯೇ ಕರ್ಕಶವಾಗಿ ಒಡೆದು ನಿಂತಿತು, ಮಾವ ಎದೆ ಹಿಡಿದುಕೊಂಡು ಕುರ್ಚಿಯಲ್ಲಿ ಕೂತರಂತೆ. ಹುಡುಗರು ನಕ್ಕರಂತೆ. ಯಾರೋ ವಿಡಿಯೋ ಮಾಡಿ ವಾಟ್ಸ್ಯಾಪಿಗೆ ಬಿಟ್ಟಿದ್ದರು. ನಾನು ಅಕ್ಷಯ ಕೇಂದ್ರದಲ್ಲಿ ಕೆಲಸ ಮಾಡುವವಳು. ಆಧಾರ್ ತಿದ್ದಿಸಲು ಬಂದವರೆಲ್ಲ ನನಗೆ ಅದನ್ನು ತೋರಿಸಿ, "ನಿಮ್ಮ ಮಾವ ಅಲ್ವಾ?" ಎಂದು ಕೇಳಿಯೇ ಹೋದರು. ಮಾವನ ಫೋನಿಗೆ ಮಾತ್ರ ಅದು ಬರದ ಹಾಗೆ ಮನೆಯಲ್ಲಿ ಎಲ್ಲರೂ ನೋಡಿಕೊಂಡೆವು.

"ಡಾಕ್ಟ್ರು ಊದುವುದು ಕಡಿಮೆ ಮಾಡಿ ಅಂತ ಹೇಳಿದ್ದಾರಲ್ಲ," ಎಂದು ಅತ್ತೆ ಒಂದು ಸಲ ಮೆಲ್ಲಗೆ ಎತ್ತಿದರು.

"ಕಡಿಮೆ ಮಾಡ್ತೇನೆ. ಲವಿಟಾಳ ಮದುವೆ ಒಂದು ಆಗ್ಲಿ," ಎಂದರು ಮಾವ.

ಈ ಲವಿಟಾಳ ವಿಷಯ ಹೇಳಲೇಬೇಕು. ಮಾವನಿಗೆ ಟ್ರಂಪೆಟ್ ಕಲಿಸಿದವರು ಲವಿಟಾಳ ಅಜ್ಜ ಬೊನಿಫಾಸ್ ಪೊರ್ಬುಗಳು. ಅವರ ಹಿತ್ತಿಲಲ್ಲಿ ಗೇರುಬೀಜ ಹೆಕ್ಕಲು ಹೋಗುತ್ತಿದ್ದ ಹುಡುಗನಿಗೆ ಟ್ರಂಪೆಟ್ ಹಿಡಿಸಿದ ಪುಣ್ಯಾತ್ಮ. ಅವರು ತಾವೇ ಒಂದು ಮಾರ್ಚ್ ಕಟ್ಟಿದ್ದರು. ಅದನ್ನು ಎಲ್ಲಿಯೂ ಬರೆದಿಟ್ಟಿರಲಿಲ್ಲ. ಸಾಯುವ ಮೊದಲು ಮಾವನಿಗೆ ಅದನ್ನು ಬಾಯಿಪಾಠ ಮಾಡಿಸಿ, "ನನ್ನ ಮೊಮ್ಮಕ್ಕಳು ಎಲ್ಲರೂ ಇದರಲ್ಲೇ ಹಾಲ್‌ಗೆ ನಡೆಯಬೇಕು, ಲೋಕು," ಎಂದು ಕೈ ಹಿಡಿದು ಹೇಳಿ ಹೋದರು. ಮಾವ ಒಬ್ಬರೇ ಅದನ್ನು ಊದುತ್ತಿದ್ದರು, ಅಷ್ಟೂ ಮೊಮ್ಮಕ್ಕಳು ಹಾಗೆಯೇ ನಡೆದರು. ಉಳಿದವಳು ಲವಿಟಾ ಒಬ್ಬಳು. ಈಸ್ಟರ್ ಕಳೆದ ಮೇಲಿನ ಆದಿತ್ಯವಾರ ಅವಳ ಮದುವೆ ನಿಶ್ಚಯವಾಗಿತ್ತು.

ಜನವರಿಯಲ್ಲಿ ಮಾವನಿಗೆ ಹಲ್ಲುನೋವು ಸುರುವಾಯಿತು. ಹಿಂದಿನ ದವಡೆ ಹಲ್ಲುಗಳು. ಕೆನ್ನೆ ಬಾತುಕೊಂಡು, ಗಂಜಿ ಕುಡಿಯಲೂ ಕಷ್ಟ. ಕುಶಲ್ ಅವರನ್ನು ಉಪ್ಪಳದ ಹಲ್ಲಿನ ಡಾಕ್ಟರ್ ಸೌದಾಮಿನಿಯವರಲ್ಲಿಗೆ ಕರೆದುಕೊಂಡು ಹೋದ. ಎಕ್ಸ್-ರೇ ತೆಗೆದರು. ಅದರ ವಿಷಯ ಮಾತಾಡಲು ಎರಡು ದಿನ ಬಿಟ್ಟು ಅವನೊಬ್ಬನೇ ಹೋಗಿ ಬಂದ.

ಸಂಜೆ ಚಹಾಕ್ಕೆ ಕೂತಾಗ ಹೇಳಿದ. "ಅಪ್ಪಾ, ಹಿಂದಿನದ್ದು ಮಾತ್ರ ಅಲ್ಲ ಅಂತೆ. ಮುಂದಿನ ಹಲ್ಲಿನ ಬೇರೂ ಕೊಳೆತಿದೆಯಂತೆ. ಎಲ್ಲಾ ತೆಗೀಬೇಕಂತೆ."

ಮಾವನ ಕೈಯಲ್ಲಿದ್ದ ಗ್ಲಾಸು ಹಾಗೆಯೇ ನಿಂತಿತು. "ಮುಂದಿನದ್ದು ಮುಟ್ಲಿಕ್ಕಿಲ್ಲ. ಟ್ರಂಪೆಟ್ ತುಟಿಗೆ ಒತ್ತಿದರೆ ಹಿಂದೆ ಆಧಾರಕ್ಕೆ ಹಲ್ಲು ಬೇಕು. ಅದು ಹೋದರೆ ನಾನು ಹೋದ ಹಾಗೆ. ನಿನಗೆ ಗೊತ್ತಿಲ್ಲವಾ?"

"ಗೊತ್ತುಂಟು. ಅದಕ್ಕೇ ಕೇಳಿ ಬಂದದ್ದು. ಈಗ ದವಡೆಗೆ ಸ್ಕ್ರೂ ಹಾಕಿ ಕೂರಿಸುವ ಹಲ್ಲು ಬಂದಿದೆ. ಅಲ್ಲಾಡುವುದೇ ಇಲ್ಲ. ಮಂಗಳೂರಿನಲ್ಲಿ ಒಬ್ಬರು ಟ್ರಂಪೆಟ್‌ನವರು ಹಾಕಿಸಿಕೊಂಡಿದ್ದಾರಂತೆ. ಮೊದಲಿಗಿಂತ ಚಂದ ಊದ್ತಾರಂತೆ. ನಿಮ್ಮ ಮೇಲಿನ ಸ್ವರ ಪುನಃ ಬರ್ತದೆ ಅಪ್ಪಾ."

ಮೇಲಿನ ಸ್ವರ ಎಂದದ್ದೇ ಮಾವನ ಮುಖದಲ್ಲಿ ಆಸೆ ಮೂಡಿತು. 

"ಲವಿಟಾಳ ಮದುವೆಗೆ ಮೊದಲು ಆಗ್ತದಾ?"

"ಆಗ್ತದೆ. ಹೇಗೂ ಕರೆಜ್ಮ ಬರ್ತದಲ್ವಾ, ಮದುವೆ ಎಂತದೂ ಇಲ್ಲ." ಕರೆಜ್ಮ ಎಂದರೆ ಈಸ್ಟರಿಗೆ ಮೊದಲಿನ ಉಪವಾಸದ ವಾರಗಳು. ಇಗರ್ಜಿಯಲ್ಲಿ ಆಗ ಮದುವೆ ನಡೆಯುವುದಿಲ್ಲ, ಬ್ಯಾಂಡಿನವರಿಗೂ ರಜೆ.

ಮಾವ ಅಡುಗೆಮನೆಯ ಕಡೆ ತಿರುಗಿದರು. "ಅಮ್ಮಣ್ಣೀ, ನೀನೆಂತ ಹೇಳ್ತಿ?"

ಅತ್ತೆ ಅಲಸಂಡೆ ಮುರಿಯುತ್ತಿದ್ದರು. ತಲೆ ಎತ್ತಲಿಲ್ಲ. "ಮಗ ನಿಮಗೆ ಕೆಟ್ಟದ್ದು ಹೇಳ್ತಾನಾ? ನೋವು ತಿಂದು ಕೂರುವುದಕ್ಕಿಂತ ತೆಗೆಸುವುದೇ ಒಳ್ಳೆದು," ಎಂದರು.

"ಆಯ್ತು ಹಾಗಾದರೆ," ಎಂದರು ಮಾವ. ನಲವತ್ತಕ್ಕೂ ಹೆಚ್ಚು ವರ್ಷ ತನ್ನ ತುಟಿಗೆ ಬೆಣ್ಣೆ ಹಚ್ಚಿದವಳು ಹೇಳಿದ ಮೇಲೆ ಮತ್ತೆ ಯೋಚಿಸುವುದು ಎಂತದ್ದು?

ಅದೇ ವಾರ ಅತ್ತೆ ಅಂಗಳದಲ್ಲಿ ಚಾಪೆ ಬಿಡಿಸಿ ಮೆಣಸು ಒಣಹಾಕಿದರು. ಮೊರ ಅಲ್ಲ, ಚಾಪೆ. ಚಾಪೆ ತುಂಬ ಕೆಂಪು ಮೆಣಸು. ನಾನು ಕೆಲಸದಿಂದ ಬಂದವಳು ಅದನ್ನು ಮಗುಚಿ ಹಾಕುತ್ತಾ ಸೀನಿ ಸೀನಿ ಸುಸ್ತಾದೆ. ಡಾಕ್ಟರಲ್ಲಿಗೆ ಹೊರಟಿದ್ದ ಮಾವ ಅಂಗಿಯ ಗುಬ್ಬಿ ಹಾಕುತ್ತಾ ಮೆಟ್ಟಿಲಲ್ಲಿ ನಿಂತರು.

"ಇಷ್ಟು ಮೆಣಸು ಯಾರಿಗೆ, ಅಮ್ಮಣ್ಣಿ? ಹೋಟೆಲ್ ಇಡ್ತೀಯಾ?"

"ಮಗಳಿಗೆ. ಮುಂಬಯಿಗೆ ಕಳಿಸ್ಲಿಕ್ಕೆ. ಅಲ್ಲಿಯದ್ದು ಬಣ್ಣ ಮಾತ್ರ ಅಂತೆ, ಖಾರ ಇಲ್ಲ ಅಂತೆ."

"ಕಳಿಸು ಕಳಿಸು," ಎಂದು ಮಾವ ನಗುತ್ತಾ ಮಗನ ಬೈಕಿನ ಹಿಂದೆ ಕೂತು ಹೋದರು.

ಕರೆಜ್ಮದ ಮೊದಲ ವಾರಗಳಲ್ಲೇ ಮಾವನ ಬಾಯಿ ಖಾಲಿಯಾಯಿತು. ಒಂದೊಂದು ಸಲ ಹೋಗಿ ಬಂದಾಗಲೂ ಕೆನ್ನೆ ಒಂದಷ್ಟು ಒಳಗೆ ಹೋಗುತ್ತಿತ್ತು. ಅತ್ತೆ ಅನ್ನವನ್ನು ನುಣ್ಣಗೆ ಹಿಸುಕಿ, ತಿಳಿಸಾರು ಹಾಕಿ, ಆರಿಸಿ ಕೊಡುತ್ತಿದ್ದರು. ಸೆರಗಿನಿಂದ ಅವರ ಬಾಯಿ ಒರೆಸುತ್ತಿದ್ದರು. ಗಾಯ ಮಾಗಿದ ಮೇಲೆ ಮೇಲೆ ಕೆಳಗೆ ಎರಡು ಸೆಟ್ಟು ಹಲ್ಲು ಬಂತು, ತೆಗೆದು ಇಡುವಂಥದ್ದು.

"ಸ್ಕ್ರೂ ಎಲ್ಲಿ?" ಎಂದು ಮಾವ ಕೇಳಿದರು.

"ಇದು ಸದ್ಯಕ್ಕೆ ಅಪ್ಪಾ. ಅದರ ಸಾಮಾನು ಹೊರಗಿನಿಂದ ಬರಬೇಕಂತೆ."

ಮಾವ ದಿನಾ ಬೆಳಿಗ್ಗೆ ಟ್ರಂಪೆಟ್ ಹಿಡಿದು ಹಿತ್ತಿಲಿನ ಗೇರುಮರದಡಿ ಹೋಗುವುದು. ನಾನು ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ನಿಂತು ಕೇಳುವುದು. ಬರೀ ಗಾಳಿ. ಊದಿದರೆ ಮೇಲಿನ ಸೆಟ್ಟು ಜಾರುವುದು, ಟಕ್ ಎಂದು ಹಿತ್ತಾಳೆಗೆ ಬಡಿಯುವುದು. ಒಂದು ದಿನ ಅದು ಬಾಯಿಂದ ಹಾರಿ ತರಗೆಲೆಯ ಮೇಲೆ ಬಿತ್ತು. ಮಾವ ಬಗ್ಗಿ ಅದನ್ನು ಹುಡುಕುವುದನ್ನು ಕಂಡು ನಾನು ಕೈಯಲ್ಲಿದ್ದ ಬಟ್ಟೆ ಬಿಟ್ಟು ಒಳಗೆ ಬಂದುಬಿಟ್ಟೆ. ಎಷ್ಟು ಮದುವೆಗಳಲ್ಲಿ ಮೆರೆದ ಮನುಷ್ಯ, ದೇವರೇ!

ಅತ್ತ ಜಗಲಿಯಲ್ಲಿ ಬೇರೆಯೇ ಸಂಭ್ರಮ. ಕುಶಲ್ ಯಾರೋ ಒಬ್ಬ ಹೊಸ ಟ್ರಂಪೆಟ್‌ನವನನ್ನು ಕರೆತಂದು ಪ್ರಾಕ್ಟೀಸ್ ಸುರು ಮಾಡಿದ್ದ. "ಅಪ್ಪನಿಗೆ ಸಪೋರ್ಟ್‌ಗೆ," ಎಂದು ಹೇಳಿದ. ನೀಲಿ ಕೋಟು ಹೊಲಿಸಿದ. ಉಗ್ಗಪ್ಪಣ್ಣ ಡ್ರಮ್ ಹೊಡೆಯುತ್ತಿದ್ದರೂ ಕಣ್ಣು ಹಿತ್ತಿಲ ಕಡೆಗೇ.

"ಮಾಸ್ಟ್ರ ಅಳತೆ ತೆಗೆದುಕೊಂಡಿದ್ದೀಯಾ ಕುಶಲ?" ಎಂದು ಒಂದು ಸಲ ಕೇಳಿಯೇಬಿಟ್ಟರು.

"ಅಪ್ಪನಿಗೆ ಕೆಂಪೇ ಚಂದ," ಎಂದ ಅವನು.

ಲವಿಟಾ ಫೋನ್ ಮಾಡಿದಳು. ನಾನೇ ಸ್ಪೀಕರ್ ಹಾಕಿ ಮಾವನ ಮುಂದೆ ಹಿಡಿದೆ. "ಅಂಕಲ್, ಅಜ್ಜನ ಮಾರ್ಚ್ ನೀವೇ ಊದಬೇಕು. ಅಕ್ಕಂದಿರಿಗೆಲ್ಲಾ ಆಯ್ತು. ನನಗೆ ಮಾತ್ರ ಇಲ್ಲ ಅಂತ ಆಗಬಾರದು."

"ಊದ್ತೇನೆ ಮಗಳೇ. ಹಲ್ಲಿನದ್ದು ಒಂದು ಸಣ್ಣ ಕೆಲಸ ಬಾಕಿ ಉಂಟು," ಎಂದರು ಮಾವ.

ದಿನ ಹತ್ತಿರ ಬಂದ ಹಾಗೆ ಕುಶಲನಿಗೆ ಕೆಲಸ ಹೆಚ್ಚಾಯಿತು. ಇವತ್ತು ಅಂಗಡಿ, ನಾಳೆ ಯಾವುದೋ ಉದ್ಘಾಟನೆಯ ಮೈಕ್. ಕೊನೆಗೆ ಈಸ್ಟರಿಗೆ ಮೊದಲಿನ ವಾರ ಮಾವ ಬೆಳಿಗ್ಗೆಯೇ ಬಿಳಿ ಪಂಚೆ ಉಟ್ಟು ನನ್ನ ಕೋಣೆಯ ಬಾಗಿಲಿಗೆ ಬಂದರು. "ಮಗಾ, ಅವನಿಗೆ ಪುರುಸೊತ್ತಿಲ್ಲ. ನೀನು ಬರ್ತೀಯಾ ಉಪ್ಪಳಕ್ಕೆ?"

ನಾನು ಅರ್ಧ ದಿನ ರಜೆ ಹಾಕಿದೆ. ಬಸ್ಸಿನಲ್ಲಿ ಹೋದೆವು.

ಡಾಕ್ಟರ್ ಸೌದಾಮಿನಿ ಚಿಕ್ಕ ಪ್ರಾಯದವರು. ಮಾವನ ಬಾಯಿ ನೋಡಿ, "ಚಂದ ಮಾಗಿದೆ. ಊಟ ಮಾಡ್ಲಿಕ್ಕೆ ತೊಂದರೆ ಇಲ್ವಲ್ಲ?" ಎಂದು ಕೇಳಿದರು.

"ಊಟ ಇರ್ಲಿ. ಸ್ಕ್ರೂ ಯಾವತ್ತು ಹಾಕ್ತೀರಿ? ಬರುವ ಆದಿತ್ಯವಾರದ ಮೇಲಿನ ಆದಿತ್ಯವಾರ ನನಗೆ ಟ್ರಂಪೆಟ್ ಊದ್ಲಿಕ್ಕುಂಟು."

ಡಾಕ್ಟರರು ಕೈಯ ಗ್ಲೌಸ್ ತೆಗೆಯುತ್ತಿದ್ದವರು ನಿಂತುಬಿಟ್ಟರು. "ಟ್ರಂಪೆಟ್? ನೀವು ಈಗಲೂ ಊದ್ತೀರಾ?"

"ಮತ್ತೆ?"

"ನಿಮ್ಮ ಮಗ ಹೇಳಿದ್ದು, ನೀವು ಬಿಟ್ಟು ತುಂಬ ವರ್ಷ ಆಯ್ತು ಅಂತ. ಸ್ಕ್ರೂ ಹಲ್ಲಿನ ವಿಷಯ ನಾನೇ ಎತ್ತಿದ್ದೆ, ಅದು ಬೇಡ, ಈ ಸೆಟ್ಟೇ ಸಾಕು ಅಂದರು." ಅವರು ಕಂಪ್ಯೂಟರಿನಲ್ಲಿ ಎಕ್ಸ್-ರೇ ತೆರೆದರು. "ಮುಂದಿನ ಹಲ್ಲು ಇಡುವ ಅಂತಲೂ ನಾನು ಹೇಳಿದ್ದೆ. ಅಪ್ಪನಿಗೆ ಅರ್ಧರ್ಧ ಬೇಡವಂತೆ, ಎಲ್ಲ ಒಟ್ಟಿಗೇ ತೆಗೆಸುವುದಂತೆ ಅಂದರು. ನೀವೂ ಕುರ್ಚಿಯಲ್ಲಿ ಕೂತು ಹೌದು ಎಂದಿರಿ."

ಮಾವ ಎಕ್ಸ್-ರೇಯನ್ನೇ ನೋಡುತ್ತಾ, "ಮುಂದಿನದ್ದು ಗಟ್ಟಿ ಇತ್ತಾ?" ಎಂದು ಕೇಳಿದರು.

"ಗಟ್ಟಿ ಇತ್ತು."

"ಎಷ್ಟು ಕಾಲ ಬರ್ತಿತ್ತು?"

ಡಾಕ್ಟರರು ನನ್ನ ಮುಖ ನೋಡಿದರು. "ಬರ್ತಿತ್ತು. ತುಂಬ ಕಾಲ ಬರ್ತಿತ್ತು," ಎಂದರು. "ನೀವು ಊದುವವರು ಅಂತ ಗೊತ್ತಿದ್ದರೆ ನಾನು ಮುಟ್ಟುತ್ತಲೇ ಇರಲಿಲ್ಲ. ಈಗ ಸ್ಕ್ರೂ ಹಾಕ್ಲಿಕ್ಕೆ ಆಗ್ತದೆ, ಆದರೆ ತಿಂಗಳುಗಟ್ಟಲೆ ಬೇಕು. ಮದುವೆಗೆ ಆಗುದಿಲ್ಲ."

ಮಾವ ಎದ್ದು ಕೈಮುಗಿದರು. ಆ ಹುಡುಗಿಯ ಕಣ್ಣಲ್ಲಿ ನೀರು ಬಂತು.

ಬಸ್ಸಿನಲ್ಲಿ ನಾನು ಮಗ್ಗುಲಲ್ಲಿ ಕೂತು ಹಲ್ಲು ಕಚ್ಚಿಕೊಂಡೇ ಬಂದೆ. ನನ್ನ ಹಲ್ಲು ಗಟ್ಟಿ ಇದೆಯಲ್ಲ, ಕಚ್ಚಲು ಅಡ್ಡಿಯಿಲ್ಲ. ಮನೆ ಸ್ಟಾಪು ಬರುವಾಗ ಮಾವ ಬಾಯಿ ತೆರೆದರು. "ಮಗಾ, ಅಮ್ಮಣ್ಣಿಗೆ ಈಗಲೇ ಹೇಳಬೇಡ. ಹೊಟ್ಟೆಯಲ್ಲಿ ಹುಟ್ಟಿದವನು ಹೀಗೆ ಮಾಡಿದ ಅಂತ ಗೊತ್ತಾದರೆ ಅವಳಿಗೆ ತಡ್ಕೊಳ್ಲಿಕ್ಕೆ ಆಗ್ಲಿಕ್ಕಿಲ್ಲ."

ಆದರೆ ಹೇಳದೆ ಇರಲು ಅವರಿಂದಲೇ ಆಗಲಿಲ್ಲ. ಕುಶಲ್ ಬಂದು ಚಪ್ಪಲಿ ಬಿಚ್ಚುವಷ್ಟರಲ್ಲಿ ಮಾವ ಜಗಲಿಗೆ ಬಂದು ನಿಂತಿದ್ದರು.

"ಯಾಕೆ ಮಾಡಿದಿ?"

ಕುಶಲ್ ನನ್ನನ್ನು ನೋಡಿದ, ಅಪ್ಪನನ್ನು ನೋಡಿದ. ಸುಳ್ಳು ಹುಡುಕಿದ, ಸಿಗಲಿಲ್ಲ. "ಜನ ನಗ್ತಿದ್ರು ಅಪ್ಪಾ. ನಿಮ್ಮ ಹಿಂದೆ ನಗ್ತಿದ್ರು. ಆ ವಿಡಿಯೋ ನೀವು ನೋಡಿಲ್ಲ. ಬುಕ್ ಮಾಡ್ಲಿಕ್ಕೆ ಬಂದವರು ಮಾಸ್ಟ್ರು ಬೇಡ, ಉಳಿದವರು ಬನ್ನಿ ಅಂತ ಹೇಳ್ತಿದ್ರು. ಅದನ್ನು ನಾನು ನಿಮಗೆ ಹೇಗೆ ಹೇಳುದು?"

"ಈಗ ಹೇಳಿದಿಯಲ್ಲ, ಹಾಗೆ."

"ಹೇಳಿದರೆ ನೀವು ಬಿಡ್ತಿದ್ರಾ?"

"ಬಿಡುವುದು ಬಿಡದಿರುವುದು ನನ್ನದು! ನನ್ನ ಬಾಯಿ! ನೀನು ಯಾರಾ ಅದನ್ನು ಕೀಳಿಸ್ಲಿಕ್ಕೆ?" ಮಾವನ ಮೇಲಿನ ಸೆಟ್ಟು ಜಾರಿತು. ಅವರು ಅದನ್ನು ಹೆಬ್ಬೆರಳಲ್ಲಿ ಒತ್ತಿ ಹಿಡಿದೇ ಬೈದರು. ಅದನ್ನು ನೋಡಲಾಗದೆ ಕುಶಲ್ ಮುಖ ತಿರುಗಿಸಿದ.

ಅತ್ತೆ ಅಡುಗೆಮನೆಯ ಬಾಗಿಲಲ್ಲಿ ದಾರಂದ ಹಿಡಿದು ನಿಂತಿದ್ದರು. ಅಳಲಿಲ್ಲ, ಮಗನಿಗೆ ಬೈಯಲಿಲ್ಲ. ಆಘಾತ ಆಗಿರಬೇಕೆಂದು ನಾನು ಓಡಿ ನೀರು ತಂದುಕೊಟ್ಟೆ. ಎಂಥ ಪೆದ್ದಿ ನಾನು!

"ಇವನ ಒಟ್ಟಿಗೆ ಇನ್ನು ನನಗೆ ಊಟ ಇಲ್ಲ," ಎಂದರು ಮಾವ. "ಅಮ್ಮಣ್ಣೀ, ನನಗೆ ನೀನೊಬ್ಬಳು ಇದ್ದಿ. ನೀನು ಬಡಿಸಿದರೆ ಉಣ್ತೇನೆ, ಇಲ್ಲದಿದ್ದರೆ ಇಲ್ಲ."

ಅವತ್ತು ಕೋಣೆಯಲ್ಲಿ ನಾನು ಕುಶಲನ ಕಾಲರು ಹಿಡಿಯುವುದೊಂದು ಬಾಕಿ. ಮದುವೆಯಾದ ಮೇಲೆ ಮೊದಲ ಸಲ ಅವನನ್ನು ಏಕವಚನದಲ್ಲಿ ಕರೆದೆ. "ನೀನು ಮನುಷ್ಯನಾ? ನನ್ನ ಹತ್ತಿರವೂ ಅದೇ ಸ್ಕ್ರೂ ಕತೆ ಹೇಳಿದ್ದಿಯಲ್ಲ. ನಾಳೆ ನನ್ನ ಯಾವ ಅಂಗ ಕೀಳಿಸ್ತೀ?"

"ಅಶ್ಮಿತಾ, ಇದು ನಾನೊಬ್ಬನೇ..." ಎಂದವನು ಅರ್ಧದಲ್ಲೇ ನಿಲ್ಲಿಸಿದ.

"ನೀನೊಬ್ಬನೇ ಅಲ್ಲದೆ ಮತ್ತೆ ಯಾರು? ಆ ಡಾಕ್ಟರಾ?"

"ಬಿಡು," ಎಂದು ಅವನು ಗೋಡೆಯ ಕಡೆ ತಿರುಗಿ ಮಲಗಿದ.

ಅಲ್ಲಿಂದ ನಮ್ಮ ಮನೆಯಲ್ಲಿ ಎರಡು ಪಂಕ್ತಿ. ಮಾವನಿಗೆ ಮೊದಲು, ಅತ್ತೆ ಎದುರಲ್ಲಿ ಕೂತು ಬಡಿಸುವುದು. ಅವರು ಎದ್ದು ಹೋದ ಮೇಲೆ ಕುಶಲ್. ಅವನಿಗೆ ನಾನು ಪಾತ್ರೆ ದೂಡಿ ಕೊಡುವುದು, ಬೇಕಾದರೆ ಹಾಕಿಕೊಳ್ಳಲಿ. ಮಾವ ಊಟ ಮಾಡುತ್ತಾ ಅತ್ತೆಯ ಹತ್ತಿರ ಹಳೆಯದೆಲ್ಲ ಹೇಳುತ್ತಿದ್ದರು. ಯಾವ ಮದುವೆಯಲ್ಲಿ ಕರೆಂಟು ಹೋಗಿ ಕತ್ತಲೆಯಲ್ಲೇ ಊದಿದ್ದು, ಯಾವ ಮದುವೆಯಲ್ಲಿ ಮದುಮಗಳ ಅಪ್ಪ ಕುಣಿದು ಪಂಚೆ ಬಿಚ್ಚಿಹೋದದ್ದು. ಅತ್ತೆ ಹೂಂ ಹೂಂ ಎನ್ನುತ್ತಿದ್ದರು. ಅವರ ಬಟ್ಟಲಿನ ಅನ್ನ ಹಾಗೆಯೇ ಉಳಿಯುತ್ತಿತ್ತು. ಗಂಡನ ನೋವಿಗೆ ಉಣ್ಣಲಾಗುವುದಿಲ್ಲ ಪಾಪ, ಎಂದುಕೊಂಡೆ.

ಮದುವೆಗೆ ಮುಂಚಿನ ದಿನ ಕುಶಲ್ ಸ್ಯಾಕ್ಸೋಫೋನ್ ಹಿಡಿದುಕೊಂಡು ಜಗಲಿಗೆ ಬಂದ. ತಲೆ ತಗ್ಗಿತ್ತು. "ಅಪ್ಪಾ, ಲವಿಟಾ ಅಳ್ತಿದ್ದಾಳೆ. ಪೊರ್ಬುಗಳ ಮಾರ್ಚ್ ಒಮ್ಮೆ ಬಾಯಲ್ಲಿ ಹೇಳಿಕೊಡಿ. ನಾನು ಎತ್ತಿಕೊಳ್ತೇನೆ."

"ಬಾಯಿ ಎಲ್ಲುಂಟು? ನೀನೇ ಕೀಳಿಸಿದ್ದಲ್ವಾ?" ಎಂದರು ಮಾವ.

ಆದಿತ್ಯವಾರ ಬೆಳಿಗ್ಗೆ ನೀಲಿ ಕೋಟಿನವರೆಲ್ಲ ವ್ಯಾನ್ ಹತ್ತಿದರು. ಉಗ್ಗಪ್ಪಣ್ಣ ಮಾತ್ರ ಹಳೆಯ ಕೆಂಪು ಕೋಟಿನಲ್ಲೇ ಬಂದಿದ್ದರು. ಕುಶಲ್ ಏನೋ ಹೇಳಲು ಹೊರಟ. "ಇದರಲ್ಲಿ ಬರ್ತೇನೆ, ಆಗುದಿಲ್ಲವಾದರೆ ಮನೆಗೆ ಹೋಗ್ತೇನೆ," ಎಂದರು ಅವರು. ಮಾವ ಒಳಗಿನಿಂದ ಹೊರಗೆ ಬರಲಿಲ್ಲ. ವ್ಯಾನಿನ ಶಬ್ದ ದೂರವಾದ ಮೇಲೆ ಟ್ರಂಪೆಟ್ಟನ್ನು ಪೆಟ್ಟಿಗೆಯಿಂದ ತೆಗೆದು ಬಟ್ಟೆಯಲ್ಲಿ ಒರೆಸಿದರು. ಪುನಃ ಒಳಗಿಟ್ಟರು. ಸ್ವಲ್ಪ ಹೊತ್ತಿಗೆ ಪುನಃ ತೆಗೆದರು.

ಮಧ್ಯಾಹ್ನ ನಾವು ಮೂವರೇ. ಅತ್ತೆ ಬಂಗುಡೆ ಸಾರು ಬಡಿಸಿದರು. ನಾನು ನೋಡಿದೆ, ಬಿಳಿ! ಈಗಲೂ ಅದೇ ಸಪ್ಪೆ. ಅವರ ಕೈ ಅಭ್ಯಾಸದಲ್ಲಿ ಹಾಗೆಯೇ ಮಾಡಿತ್ತು.

ಮಾವ ಸಾರನ್ನು ನೋಡಿ ನಕ್ಕರು. ಎಷ್ಟೋ ದಿನಗಳ ಮೇಲೆ ನಕ್ಕದ್ದು. "ಅಯ್ಯೋ ಅಮ್ಮಣ್ಣೀ, ಇನ್ನು ಯಾಕೆ ಸಪ್ಪೆ? ಊದುವವನು ಎಲ್ಲಿದ್ದಾನೆ? ನನ್ನಿಂದಾಗಿ ನೀವೆಲ್ಲ ಇಷ್ಟು ವರ್ಷ ಇದನ್ನೇ ತಿಂದಿರಿ. ಅಶ್ಮೀ, ಮೆಣಸಿನ ಹುಡಿ ತಾ. ಇವತ್ತು ಎಲ್ಲರೂ ಖಾರ ಉಣ್ಣುವ."

"ಬೇಡ, ಬಾಯಿ ಹುಣ್ಣಾಗ್ತದೆ," ಎಂದರು ಅತ್ತೆ ಗಡಿಬಿಡಿಯಲ್ಲಿ. "ಕೂತುಕೋ ಅಶ್ಮಿತಾ, ನಾನು ತರ್ತೇನೆ."

ನಾನು ಆಗಲೇ ಎದ್ದಾಗಿತ್ತು. ಸಣ್ಣ ಡಬ್ಬಿಯಲ್ಲಿ ಮುಗಿದಿತ್ತು. ಅಟ್ಟದ ಕೆಳಗೆ ಬಟ್ಟೆ ಕಟ್ಟಿದ ದೊಡ್ಡ ಭರಣಿಯೊಂದು ಕಂಡಿತು. ಎತ್ತಿದರೆ ಭಾರ. ಬಿಚ್ಚಿದರೆ ಕಂಠದವರೆಗೆ ಮೆಣಸಿನ ಹುಡಿ. ಎರಡು ಕೈಯಲ್ಲಿ ಹಿಡಿದು ತಂದು ಮಾವನ ಮುಂದೆ ಇಟ್ಟೆ.

ಮಾವ ಚಮಚ ಹಾಕಲು ಹೋದವರು ಭರಣಿಯೊಳಗೆ ನೋಡಿದರು. "ಇದು ಯಾವುದು? ಆ ಚಾಪೆಯಲ್ಲಿ ಹಾಕಿದ್ದಾ?"

ಅತ್ತೆ ಭರಣಿಯನ್ನು ತನ್ನ ಕಡೆ ಎಳೆದುಕೊಳ್ಳಲು ಹೋದರು.

"ಮಗಳಿಗೆ ಕಳಿಸಲಿಲ್ಲವಾ?"

"ಕಳಿಸಬೇಕು," ಎಂದರು ಅತ್ತೆ.

"ಹುಡಿ ಮಾಡಿ ಭರಣಿಗೆ ಹಾಕಿ ಕಟ್ಟಿದ್ದಿ. ವರ್ಷಪೂರ್ತಿ ಮನೆಯ ಖರ್ಚಿಗೆ ಇಡುವ ಹಾಗೆ." ಮಾವ ನಿಧಾನವಾಗಿ ಮಾತಾಡುತ್ತಿದ್ದರು. "ನೀನು ಚಾಪೆ ಹಾಕಿದ ದಿನ ನನ್ನ ಹಲ್ಲು ಎಲ್ಲಾ ಬಾಯಲ್ಲೇ ಇತ್ತು, ಅಮ್ಮಣ್ಣಿ. ನಾನು ಪುನಃ ಊದ್ತೇನೆ ಅಂತ ಸ್ಕ್ರೂ ಕಾಯ್ತಾ ಇದ್ದೆ. ಇನ್ನು ಊದ್ಲಿಕ್ಕಿಲ್ಲ ಅಂತ ನಿನಗೆ ಯಾರು ಹೇಳಿದ್ದು?"

ನನಗೆ ಆಗ ಹೊಳೆಯಿತು. ಕುಶಲ್ ಅರ್ಧದಲ್ಲಿ ನುಂಗಿದ ಮಾತು, ದಾರಂದ ಹಿಡಿದು ನಿಂತ ಅತ್ತೆ, ಎಲ್ಲ.

ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡರು. ಆಮೇಲೆ ಸೆರಗು ತೆಗೆದು ನೇರ ಹೇಳಿಬಿಟ್ಟರು. "ನಾನೇ ಹೇಳಿದ್ದು. ಕುಶಲನಿಗೆ ಧೈರ್ಯ ಇರಲಿಲ್ಲ, ಬೇಡ ಬೇಡ ಅಂದ. ನಾನೇ ಆಣೆ ಹಾಕಿಸಿ ಮಾಡಿಸಿದ್ದು. ಕುಂಬಳೆಯ ಹಾಲ್‌ನಲ್ಲಿ ನೀವು ಎದೆ ಹಿಡಿದು ಕೂತಿರಂತೆ, ತುಟಿ ನೀಲಿ ಆಗಿತ್ತಂತೆ. ಉಗ್ಗಪ್ಪಣ್ಣ ಬಂದು ಹೇಳಿದ ಮೇಲೆ ನನಗೆ ನಿದ್ರೆ ಇಲ್ಲ. ಯಾರದ್ದೋ ಮದುವೆಯ ಸ್ಟೇಜಿನಲ್ಲಿ ನೀವು ಸತ್ತು ಬಿದ್ದದ್ದನ್ನು ನಾನು ಆ ಮೊಬೈಲಿನಲ್ಲಿ ನೋಡಬೇಕಿತ್ತಾ? ಹಲ್ಲು ಹೋದರೆ ಹೋಗ್ಲಿ, ಮನುಷ್ಯ ಉಳಿಯಲಿ ಅಂತ ಮಾಡಿಸಿದೆ. ತಪ್ಪಾ?"

"ನನಗೆ ಹೇಳಬೇಕಿತ್ತು."

"ಹೇಳಿದರೆ ಕೇಳ್ತಿದ್ರಾ?"

"ಕೇಳ್ತಿರಲಿಲ್ಲ," ಎಂದರು ಮಾವ. "ಆದರೂ ನೀನು ಹೇಳಬೇಕಿತ್ತು. ನೀನೆಂತ ಹೇಳ್ತಿ ಅಂತ ನಾನು ನಿನ್ನನ್ನೇ ಕೇಳಿದ್ದು."



ಮಾವ ಭರಣಿಗೆ ಚಮಚ ಹಾಕಿ ಸಾರಿಗೆ ಸುರಿದುಕೊಂಡರು. ಒಂದು ಚಮಚ, ಪುನಃ ಒಂದು. ಬಿಳಿ ಸಾರು ಕೆಂಪಾಯಿತು. ಬಾಯಿಯಿಂದ ಎರಡೂ ಸೆಟ್ಟು ತೆಗೆದು ಬಟ್ಟಲಿನ ಬದಿಗೆ ಇಟ್ಟರು. ಅನ್ನ ಕಲಸಿ, ಬರಿಯ ಒಸಡಿನಲ್ಲಿ ಅರೆದು ಅರೆದು ನುಂಗಿದರು. ಮುಖ ಕೆಂಪೇರಿತು. ಮೂಗಿನಿಂದ, ಕಣ್ಣಿನಿಂದ ನೀರು. ಮೆಣಸು ಮುಟ್ಟಿ ಅಭ್ಯಾಸವಿಲ್ಲದ ಆ ತುಟಿ ನನ್ನ ಕಣ್ಣೆದುರೇ ಬಾತುಕೊಂಡಿತು.

"ಮಾವಾ, ಸಾಕು!" ಎಂದು ಕೂಗಿದೆ. ಬಟ್ಟಲು ಎಳೆಯಲು ಹೋದೆ. ಅವರು ಕೈ ಅಡ್ಡ ಇಟ್ಟರು. ಕೊನೆಯ ತುತ್ತಿನವರೆಗೂ ಉಂಡರು.

ಅತ್ತೆ ಅಳುತ್ತಾ ಒಳಗೆ ಓಡಿ, ಬೆಣ್ಣೆಯ ಬೋಗುಣಿ ತಂದು ಅವರ ಮಗ್ಗುಲಲ್ಲಿ ಮೊಣಕಾಲೂರಿ ಕೂತರು. ಬೆರಳಲ್ಲಿ ಬೆಣ್ಣೆ ತೆಗೆದು ತುಟಿಯ ಹತ್ತಿರ ತಂದರು.

ಮಾವ ಮುಖ ತಿರುಗಿಸಿದರು. ಹಲ್ಲಿಲ್ಲದ ಬಾಯಿಯಲ್ಲಿ ಮಾತು ತೊದಲುತ್ತಿತ್ತು, ಆದರೆ ನಮಗಿಬ್ಬರಿಗೂ ಸರಿಯಾಗಿಯೇ ಕೇಳಿಸಿತು.

"ಬೆಣ್ಣೆ ಊದುವವನಿಗೆ," ಎಂದು ಅವರು ಕೈತೊಳೆಯಲು ಎದ್ದರು.

ಅತ್ತೆ ಬೆರಳನ್ನು ಹಾಗೆಯೇ ಹಿಡಿದು ಕೂತಿದ್ದರು. ಬೆಣ್ಣೆ ಕರಗಿ ಅವರ ಮಣಿಕಟ್ಟಿನವರೆಗೆ ಇಳಿಯಿತು. ನಾನು ಬಟ್ಟಲು ಎತ್ತಿ, ನೆಲ ಒರೆಸಿ, ಆ ಭರಣಿಯ ಬಾಯಿಗೆ ಪುನಃ ಬಟ್ಟೆ ಕಟ್ಟಿದೆ.